ಓವನ್ ಇಲ್ಲ, ಫೆಟಾ ಇಲ್ಲ: ಹುಬ್ಬಳ್ಳಿ ಮನೆಯಲ್ಲಿ ಗ್ರೀಕ್, ಚೈನೀಸ್ ಅಡುಗೆ ಆಗುತ್ತಾ?

ಕೇಶ್ವಾಪುರ_ಅಡುಗೆಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಹುಬ್ಬಳ್ಳಿ. ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಅತ್ತೆಯವರು ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಉಳಿದವರಿಗೆ ನಡೆಯುತ್ತದೆ. ಮಗಳು ಪಿಯುಸಿ ಓದುತ್ತಿದ್ದಾಳೆ. ಓದುವ ಹೊತ್ತಿನಲ್ಲಿ ಮೊಬೈಲಿನಲ್ಲಿ ಅಡುಗೆ ವಿಡಿಯೋ ನೋಡಿ ನನಗೆ ಚೀಟಿ ಬರೆದು ಕೊಡುತ್ತಾಳೆ. ಈ ಸಲದ ಚೀಟಿ ಹೀಗಿದೆ: ಫೆಟಾ ಚೀಸ್, ಫಿಲೋ ಹಾಳೆ (ಕಾಗದದಷ್ಟು ತೆಳ್ಳಗಿನ ಮೈದಾ ಹಾಳೆ), ಆಲಿವ್ ಎಣ್ಣೆ, ಓರೆಗಾನೊ, ಶಿಟಾಕೆ ಅಣಬೆ, ಸಿಚುವಾನ್ ಮೆಣಸು, ಕಪ್ಪು ವಿನೆಗರ್. ಇಷ್ಟನ್ನೂ ತರಿಸಿದರೆ ಆ ತಿಂಗಳು ಅಕ್ಕಿ ಬೇಳೆ ತರುವುದು ಬೇಡ ಅನ್ನಬೇಕಾಗುತ್ತದೆ.

ನನ್ನ ಹತ್ತಿರ ಇರುವುದು ಎರಡು ಒಲೆಯ ಗ್ಯಾಸು, ಕುಕ್ಕರು, ಹಳೇ ಕಬ್ಬಿಣದ ಬಾಣಲೆ, ಇಡ್ಲಿ ಪಾತ್ರೆ. ಓವನ್ ಇಲ್ಲ, ತಂದರೆ ಇಡಲು ಜಾಗವೂ ಇಲ್ಲ. ಪನೀರನ್ನು ಉಪ್ಪು ನೀರಲ್ಲಿ ನೆನೆಸಿದರೆ ಫೆಟಾ ಆಗುತ್ತದೆ ಅಂತ ಒಬ್ಬರು ಹೇಳುತ್ತಾರೆ. ಫಿಲೋ ಬದಲು ಸಮೋಸಾ ಪಟ್ಟಿ ಹಾಕಿ ಅಂತ ಇನ್ನೊಬ್ಬರು. ಹೀಗೆ ಒಂದೊಂದಕ್ಕೂ ಬದಲಿ ಹಾಕುತ್ತಾ ಹೋದರೆ ಕೊನೆಗೆ ಏನು ಉಳಿಯುತ್ತದೆ? ಹೆಸರು ಗ್ರೀಸಿನದು, ರುಚಿ ನಮ್ಮ ಬೇಕರಿ ಪಫ್ಸಿನದು.

ಜನತಾ ಬಜಾರಿನಲ್ಲಿ ಸಿಗುವ ಕಾಯಿಪಲ್ಯೆ, ಕಾಳುಗಳಲ್ಲೇ ಆಗುವಂಥ, ಆದರೆ ನಿಜವಾಗಿಯೂ ಆ ದೇಶದ ಮನೆಗಳಲ್ಲಿ ತಿನ್ನುವಂಥ ಅಡುಗೆ ಏನಾದರೂ ಇದೆಯಾ? ಯಾವುದಕ್ಕೆ ದುಡ್ಡು ಹಾಕಬಹುದು, ಯಾವುದು ಸುಮ್ನೆ ಶೋಕಿ? ಗೋಬಿ ಮಂಚೂರಿ, ಪಾಸ್ತಾ ಮಾತ್ರ ಹೇಳಬೇಡಿ. ಅವೆರಡೂ ಸಾಕಾಗಿ ಹೋಗಿವೆ.

ಬೇಕಿಂಗ್_ಬೆಂಗಳೂರು

ಮೇಡಂ, ಒಂದು ಸಣ್ಣ ಓಟಿಜಿ (ಕರೆಂಟಿನ ಪುಟ್ಟ ಓವನ್) ತಗೊಂಡುಬಿಡಿ. ಫಿಲೋ, ಫೆಟಾ ಎಲ್ಲ ಆನ್‌ಲೈನ್‌ನಲ್ಲಿ ಸಿಗುತ್ತೆ. ಸಾಮಾನು ಸರಿ ಇಲ್ಲದಿದ್ದರೆ ಬೇರೆ ದೇಶದ ಅಡುಗೆ ಮಾಡಲೇಬಾರದು ಅನ್ನೋದು ನನ್ನ ಅಭಿಪ್ರಾಯ. ಅರೆಬರೆ ಮಾಡಿ ಬೇಜಾರಾಗೋದಕ್ಕಿಂತ ಹೋಟೆಲಿಗೆ ಹೋಗಿ ತಿನ್ನೋದು ವಾಸಿ.

ಹಡಗಿನ_ಕುಕ್

ತಂಗೀ, ನಾನು ಕುಮಟಾ ಕಡೆಯವನು. ಹಡಗಿನಲ್ಲಿ ಕುಕ್ ಆಗಿದ್ದೆ, ಈಗ ಊರಿಗೆ ಬಂದು ಕೂತಿದ್ದೇನೆ. ಜಾಸ್ತಿ ಕೆಲಸ ಮಾಡಿದ್ದು ಗ್ರೀಕ್ ಮಾಲೀಕರ ಸರಕು ಹಡಗುಗಳಲ್ಲಿ. ಕ್ಯಾಪ್ಟನ್, ಚೀಫ್ ಇಂಜಿನಿಯರ್ ಗ್ರೀಕರು. ಉಳಿದವರು ನಮ್ಮವರು, ಫಿಲಿಪೈನ್ಸಿನವರು. ಒಂದೇ ಗ್ಯಾಲಿಯಲ್ಲಿ, ಅಂದರೆ ಹಡಗಿನ ಅಡುಗೆಮನೆಯಲ್ಲಿ, ಎಲ್ಲರ ಹೊಟ್ಟೆಯೂ ತುಂಬಬೇಕು, ಬಾಯಿಯೂ ಮುಚ್ಚಬೇಕು. ನಡುಸಮುದ್ರದಲ್ಲಿ ಫೆಟಾ ಮುಗಿದರೆ ಯಾವ ಆನ್‌ಲೈನೂ ಇಲ್ಲ.

ಮೊದಲು ಆ ಚೀಟಿ ಹರಿದು ಹಾಕಿ. ಅದು ಹೋಟೆಲ್ ಅಡುಗೆಯ ಚೀಟಿ. ಯಾವ ದೇಶದ ಅಡುಗೆ ಕಲಿಯಬೇಕಾದರೂ ನಾನು ಕೇಳುವುದು ಒಂದೇ: ಇವರು ಉಪವಾಸದ ದಿನ ಏನು ತಿನ್ನುತ್ತಾರೆ? ಅದರಲ್ಲಿ ನಿಮ್ಮಂಥವರಿಗೆ ಬೇಕಾದ್ದು ಪೂರ್ತಿ ಇರುತ್ತದೆ.

ಗ್ರೀಕರದು ಆರ್ಥಡಾಕ್ಸ್ ಕ್ರೈಸ್ತ ಧರ್ಮ. ಬುಧವಾರ, ಶುಕ್ರವಾರ ಉಪವಾಸ. ಈಸ್ಟರ್‌ಗೆ ಮುಂಚೆ ಏಳು ವಾರದ ದೊಡ್ಡ ಉಪವಾಸ. ಉಪವಾಸ ಅಂದರೆ ಹೊಟ್ಟೆ ಕಟ್ಟುವುದಲ್ಲ. ಮಾಂಸ, ಮೊಟ್ಟೆ, ಹಾಲು, ಮೊಸರು, ಚೀಸ್ ಇಲ್ಲ, ಅಷ್ಟೇ. ತಮಾಷೆ ಏನೆಂದರೆ ಮೀನು ಬಿಟ್ಟರೂ ಸಿಗಡಿ, ಆಕ್ಟೋಪಸ್ ತಿನ್ನಬಹುದು, ಅವಕ್ಕೆ ರಕ್ತ ಇಲ್ಲ ಅಂತ ಅವರ ಲೆಕ್ಕ! ನಮ್ಮ ಕ್ಯಾಪ್ಟನ್ ಭಾರೀ ದೈವಭಕ್ತನೇನೂ ಅಲ್ಲ. ಆದರೆ ಈಸ್ಟರ್ ಹಿಂದಿನ ವಾರ ಬಂತು ಅಂದರೆ ಗ್ಯಾಲಿ ಬಾಗಿಲಲ್ಲಿ ನಿಂತು, "ಈ ವಾರ ನಿಸ್ಟೀಸಿಮೊ" ಅಂತ ಹೇಳಿ ಹೋಗುತ್ತಿದ್ದ. ಅದು ಉಪವಾಸದ ಅಡುಗೆ. ಆ ವಾರ ನನಗೆ ಆರಾಮ. ಕಾಳು, ಸೊಪ್ಪು, ತರಕಾರಿ, ಎಣ್ಣೆ, ನಿಂಬೆ. ಎಲ್ಲ ನಮಗೆ ಗೊತ್ತಿರುವ ಸಾಮಾನೇ.

ಬೆಂಡೆಕಾಯಿಯಿಂದ ಶುರು ಮಾಡಿ. ಅವರ ಬಾಮಿಯೆಸ್ ಅದೇ. ಎಳೆಯ, ಚಿಕ್ಕ ಬೆಂಡೆ ಅರ್ಧ ಕಿಲೋ ಆರಿಸಿ ತನ್ನಿ. ಹೆಚ್ಚಬೇಡಿ. ತೊಟ್ಟನ್ನು ಪೆನ್ಸಿಲ್ ಕೆತ್ತಿದ ಹಾಗೆ ಸುತ್ತಲೂ ಕೆತ್ತಿ ಮೊನೆ ಮಾಡಬೇಕು. ಕಾಯಿ ತೂತಾಗಬಾರದು. ತೂತಾದರೆ ಲೋಳೆ ಹೊರಗೆ ಬರುತ್ತದೆ. ಆಮೇಲೆ ಒಂದು ತಟ್ಟೆಯಲ್ಲಿ ಹರಡಿ, ಒಂದು ಚಮಚ ಉಪ್ಪು, ಕಾಲು ಕಪ್ಪಿಗಿಂತ ಸ್ವಲ್ಪ ಜಾಸ್ತಿ ವಿನೆಗರ್ ಹಾಕಿ, ಕೈಯಲ್ಲಿ ಕಲಸಿ, ಬಿಸಿಲಿಗೆ ಇಡಿ. ಅರ್ಧ ಗಂಟೆ ಸಾಕು. ಬಣ್ಣ ಸ್ವಲ್ಪ ಮಂಕಾಗುತ್ತದೆ, ಹೆದರಬೇಡಿ. ತೊಳೆದು ಬಟ್ಟೆಯಲ್ಲಿ ಒರೆಸಿ. ಅಗಲ ಪಾತ್ರೆಯಲ್ಲಿ ಅರ್ಧ ಕಪ್ ಎಣ್ಣೆ, ಎರಡು ಈರುಳ್ಳಿ ಮೆತ್ತಗಾಗುವವರೆಗೆ ಬಾಡಿಸಿ. ಅತ್ತೆಯವರಿಗಾದರೆ ಈರುಳ್ಳಿ ಬಿಡಿ, ಏನೂ ಕೆಡುವುದಿಲ್ಲ. ನಾಲ್ಕು ಹಣ್ಣು ಟೊಮೆಟೊ ಅಡ್ಡ ಕತ್ತರಿಸಿ, ಕತ್ತರಿಸಿದ ಮುಖವನ್ನು ತುರಿಯುವ ಮಣೆಗೆ ಉಜ್ಜಿ. ತಿರುಳೆಲ್ಲ ಕೆಳಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಗ್ರೀಸಿನ ಮನೆಗಳಲ್ಲಿ ಹೀಗೇ ಮಾಡುವುದು, ಮಿಕ್ಸಿ ಬೇಡ. ಅದನ್ನು ಹಾಕಿ, ಚಿಟಿಕೆ ಸಕ್ಕರೆ, ಉಪ್ಪು, ಮೇಲೆ ಬೆಂಡೆ ಜೋಡಿಸಿ ಸಣ್ಣ ಉರಿಯಲ್ಲಿ ಮುಚ್ಚಿ ಇಡಿ.

ಇಲ್ಲಿಂದ ಮುಂದೆ ಸೌಟು ಹಾಕುವ ಹಾಗಿಲ್ಲ. ತಳ ಹಿಡಿಯುತ್ತದೆ ಅನಿಸಿದರೆ ಪಾತ್ರೆಯ ಎರಡೂ ಕಿವಿ ಹಿಡಿದು ಅಲ್ಲಾಡಿಸಿ. ಮುಕ್ಕಾಲು ಗಂಟೆ ಹತ್ತಿರ ಬೇಯಬೇಕು. ಕೊನೆಗೆ ಮುಚ್ಚಳ ತೆಗೆದು ನೀರು ಇಂಗಿಸಿ. ಬದಿಯಲ್ಲಿ ಕೆಂಪು ಎಣ್ಣೆ ಮಾತ್ರ ನಿಲ್ಲಬೇಕು. ನೀರು ಉಳಿದಿದ್ದರೆ ಅದು ಇನ್ನೂ ಆಗಿಲ್ಲ. ಬಿಸಿಬಿಸಿ ತಿನ್ನುವ ಅಡುಗೆಯಲ್ಲ ಇದು. ಒಲೆಯಿಂದ ಇಳಿಸಿ ಒಂದು ಗಂಟೆ ಬಿಟ್ಟು, ಉಗುರು ಬೆಚ್ಚಗಿರುವಾಗ ತಿನ್ನಬೇಕು. ಅವರು ಬ್ರೆಡ್ ಅದ್ದಿ ತಿನ್ನುತ್ತಾರೆ. ನಿಮ್ಮ ಖಟಕ ಜೋಳದ ರೊಟ್ಟಿ ಮುರಿದು ಅದ್ದಿ ನೋಡಿ.

ಇದೇ ಕ್ರಮದಲ್ಲಿ ಬೀನ್ಸ್ ಮಾಡುತ್ತಾರೆ, ಬದನೆ ಮಾಡುತ್ತಾರೆ, ಬಟಾಣಿ ಮಾಡುತ್ತಾರೆ. ಒಂದು ಬಂದರೆ ಎಲ್ಲ ಬಂದಂತೆ.

ಸೊಪ್ಪು ಇನ್ನೂ ಸುಲಭ. ಬೇಸಿಗೆಯಲ್ಲಿ ಗ್ರೀಕರು ವ್ಲೀತಾ ಅಂತ ಒಂದು ಸೊಪ್ಪು ತಿನ್ನುತ್ತಾರೆ. ಮೊದಲ ಸಲ ಪಿರೇಯಸ್ ಬಂದರಿನಲ್ಲಿ ಕಟ್ಟು ನೋಡಿ ನಗು ಬಂತು. ನಮ್ಮ ಹರಿವೆಯ ಜಾತಿಯೇ. ನೀವು ರಾಜಗಿರಿ ಅಂತೀರಲ್ಲ, ಅದೇ ಕುಲದ್ದು. ಎಳೆ ದಂಟಿನ ಸಮೇತ ಉಪ್ಪು ನೀರಲ್ಲಿ ಬೇಯಿಸಿ, ಬಸಿದು, ಮೇಲೆ ಆಲಿವ್ ಎಣ್ಣೆ, ನಿಂಬೆರಸ. ಮುಗಿಯಿತು. ಒಗ್ಗರಣೆ ಹಾಕಬೇಕು ಅಂತ ಕೈ ಕಡಿಯುತ್ತದೆ, ತಡೆದುಕೊಳ್ಳಿ. ಗೋಣಿ ಸೊಪ್ಪನ್ನೂ ಅವರು ಬಿಡುವುದಿಲ್ಲ, ಹಸಿಯಾಗಿ ಸೌತೆ, ಟೊಮೆಟೊ ಜೊತೆ ಹಾಕುತ್ತಾರೆ.

ಕಾಬೂಲಿ ಕಡಲೆಗೆ ಸಿಫ್ನೋಸ್ ಅಂತ ಒಂದು ದ್ವೀಪ ಹೆಸರುವಾಸಿ. ಶನಿವಾರ ಸಂಜೆ ಮಣ್ಣಿನ ಮಡಕೆಯಲ್ಲಿ ಕಡಲೆ, ಈರುಳ್ಳಿ, ಎಣ್ಣೆ, ಪಲಾವ್ ಎಲೆಯಂಥ ಒಂದು ಎಲೆ ಹಾಕಿ ಕಟ್ಟಿಗೆ ಒಲೆಯೊಳಗೆ ಇಟ್ಟರೆ ರಾತ್ರಿಯೆಲ್ಲ ಬೆಂದು ಭಾನುವಾರ ಚರ್ಚ್ ಮುಗಿಸಿ ಬರುವಾಗ ಊಟಕ್ಕೆ ತಯಾರು. ನಾವು ರಾತ್ರಿ ನೆನೆಸಿ, ಕುಕ್ಕರಿನಲ್ಲಿ ಬೆಣ್ಣೆಯಂತೆ ಬೇಯಿಸಿ, ಮುಚ್ಚಳ ತೆಗೆದು ಮತ್ತೆ ಸಣ್ಣ ಉರಿಯಲ್ಲಿ ಕಟ್ಟು ದಪ್ಪವಾಗುವವರೆಗೆ ಇಟ್ಟರೆ ಹತ್ತಿರ ಬರುತ್ತದೆ. ಇಳಿಸಿ ನಿಂಬೆ ಹಿಂಡಿ. ಗರಂ ಮಸಾಲೆ ಡಬ್ಬಿ ಮುಟ್ಟಿದರೆ ಛೋಲೆ ಆಗುತ್ತದೆ, ನೆನಪಿರಲಿ.

ಇನ್ನು ಫೆಟಾ. ಯುರೋಪಿನಲ್ಲಿ 2002ರಿಂದ ಆ ಹೆಸರು ಗ್ರೀಸಿನದ್ದಕ್ಕೆ ಮಾತ್ರ ಮೀಸಲು. ಕುರಿ ಹಾಲು ಕಡಿಮೆ ಎಂದರೂ ನೂರಕ್ಕೆ 70 ಭಾಗ, ಉಳಿದದ್ದು ಮೇಕೆ ಹಾಲು. ಕನಿಷ್ಠ ಎರಡು ತಿಂಗಳು ಹಣ್ಣಾಗಬೇಕು. ನಿಂಬೆ ಹಿಂಡಿ ಒಡೆದ ಹಸುವಿನ ಹಾಲಿನ ಪನೀರು ಒಂದು ರಾತ್ರಿ ಉಪ್ಪು ನೀರಲ್ಲಿ ಕೂತರೆ ಉಪ್ಪು ಪನೀರು ಆಗುತ್ತದೆ, ಅಷ್ಟೇ. ಬೇಕೇ ಬೇಕಾದರೆ ನಮ್ಮಲ್ಲೇ ತಯಾರಾಗುವ ಡಬ್ಬಿ ತಗೊಳ್ಳಿ. ಹಸಿರು ಚುಕ್ಕೆ ನೋಡಿ. ಹಳೇ ಪದ್ಧತಿಯಲ್ಲಿ ಹಾಲು ಹೆಪ್ಪಾಗಿಸುವುದು ಕುರಿಮರಿ, ಮೇಕೆಮರಿಯ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅತ್ತೆಯವರಿಗೆ ಗೊತ್ತಾದರೆ ನಿಮ್ಮ ಗತಿ!

ಆದರೆ ಪನೀರಿಗೆ ಸರಿಯಾದ ಒಂದು ಗ್ರೀಕ್ ತಿಂಡಿ ಇದೆ. ಕ್ರೀಟ್ ದ್ವೀಪದ ಸ್ಫಾಕಿಯಾ ಅನ್ನುವ ಕಡೆಯದು, ಸ್ಫಾಕಿಯಾನಿ ಪೀತಾ. ಓವನ್ ಬೇಡ, ಫಿಲೋ ಬೇಡ. ಮೈದಾಕ್ಕೆ ಉಪ್ಪು, ಎಣ್ಣೆ, ನೀರು ಹಾಕಿ ಮೆತ್ತಗೆ ಕಣಕ ಕಲಸಿ ಒಂದು ಗಂಟೆ ಮುಚ್ಚಿಡಿ. ಅವರು ಸ್ವಲ್ಪ ರಾಕಿ ಹೆಂಡ ಹಾಕುತ್ತಾರೆ, ನೀವು ನಾಲ್ಕು ಹನಿ ನಿಂಬೆ ಹಾಕಿ. ಅವರ ಮಿಜಿತ್ರಾ ಅನ್ನುವುದು ಹಸಿ ಚೀಸು. ಅದರ ಬದಲು ಆಗ ತಾನೇ ಒಡೆಸಿದ ಪನೀರನ್ನು ಬಿಸಿ ಇರುವಾಗಲೇ ಚಿಟಿಕೆ ಉಪ್ಪು ಹಾಕಿ ಅಂಗೈಯಲ್ಲಿ ನುಣ್ಣಗೆ ತಿಕ್ಕಿ ಉಂಡೆ ಮಾಡಿ. ಕಣಕದೊಳಗೆ ಉಂಡೆ ಇಟ್ಟು, ಬಾಯಿ ಮುಚ್ಚಿ, ಲಟ್ಟಿಸಿ, ಹಂಚಿನ ಮೇಲೆ ಎರಡೂ ಕಡೆ ಬೇಯಿಸಿ. ಮೇಲೆ ಜೇನು. ಹೋಳಿಗೆ ಮಾಡುವ ಕೈಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅದೇ ದ್ವೀಪದ ಹಾನಿಯಾ ಕಡೆ ಕಾಡು ಸೋಂಪಿನ ಸೊಪ್ಪು ತುಂಬಿಸಿ ಇದೇ ಥರ ಮಾಡುತ್ತಾರೆ. ನೀವು ಸಬ್ಬಸಿಗೆ ತುಂಬಿಸಿ. ನಿಮ್ಮ ಕಡೆ ಸಬ್ಬಸಿಗೆಗೆ ಏನು ಬರ ಹೇಳಿ.

ಓರೆಗಾನೊ ಪಿಜ್ಜಾ ಪೊಟ್ಟಣದ್ದೇ ಸಾಕು. ಇಲ್ಲದಿದ್ದರೆ ಹಿತ್ತಲ ದೊಡ್ಡಪತ್ರೆಯ ಒಂದೇ ಒಂದು ಎಲೆ ಸಣ್ಣಗೆ ಹೆಚ್ಚಿ ಹಾಕಿ. ಎರಡರ ವಾಸನೆಗೂ ಕಾರಣವಾದ ಎಣ್ಣೆಯ ಅಂಶ ಬಹುಪಾಲು ಒಂದೇ. ಎರಡನೇ ಎಲೆ ಹಾಕಿದರೆ ತಂಬುಳಿ ವಾಸನೆ ಬರುತ್ತದೆ.

ಬೇಕಿಂಗ್_ಬೆಂಗಳೂರು

ಅರ್ಧ ಕಪ್ ಎಣ್ಣೆನಾ? ಅರ್ಧ ಕಿಲೋ ಬೆಂಡೆಕಾಯಿಗೆ? ಅಂಕಲ್, ಡಾಕ್ಟರ್ ಏನಂತಾರೆ?

ಹಡಗಿನ_ಕುಕ್

ಅರ್ಧ ಕಪ್ಪು ಒಬ್ಬನೇ ಕುಡಿಯುವುದಲ್ಲ ಮಾರಾಯ್ರೇ, ಐದು ಜನ ರೊಟ್ಟಿ ಅದ್ದಿ ತಿನ್ನುವುದು. ಆ ಸಾಲಿನ ಅಡುಗೆಗೆ ಗ್ರೀಕರು ಇಟ್ಟಿರುವ ಹೆಸರೇ ಲಾದೆರಾ, ಎಣ್ಣೆಯ ಅಡುಗೆ. ಕಡಿಮೆ ಹಾಕಿ ಮಾಡಬಹುದು, ರುಚಿಯಾಗಿಯೂ ಇರುತ್ತದೆ. ಆಗ ಅದು ಬೆಂಡೆಕಾಯಿ ಪಲ್ಯ.

ಕೇಶ್ವಾಪುರ_ಅಡುಗೆಮನೆ

ಅಣ್ಣಾರೇ, ಭಾರೀ ಉಪಕಾರ ಆಯಿತು. ನಿಮ್ಮ ಉತ್ತರವನ್ನು ಅತ್ತೆಯವರಿಗೆ ಓದಿ ಹೇಳಿದೆ. ಉಪವಾಸದ ವಿಷಯ ಕೇಳಿ ಅವರಿಗೆ ಖುಷಿ. ಸಿಗಡಿ ವಿಷಯ ಬರುವಾಗ ಮಾತ್ರ ನಾನು ಜಾರಿಸಿಬಿಟ್ಟೆ.

ಎರಡು ಅನುಮಾನ. ಆಲಿವ್ ಎಣ್ಣೆ ಇಲ್ಲಿ ದುಬಾರಿ. ಅಂಗಡಿಯವನು ‘ಪಾಮೇಸ್’ ಅಂತ ಒಂದು ಅಗ್ಗದ ಡಬ್ಬಿ ತೋರಿಸಿದ. ನಡೆಯುತ್ತಾ? ಶೇಂಗಾ ಎಣ್ಣೆಯಲ್ಲಿ ಮಾಡಿದರೆ? ಇನ್ನೊಂದು, ಚೈನೀಸ್ ಬಗ್ಗೆ ನೀವು ಏನೂ ಹೇಳಲಿಲ್ಲ. ಮಗಳು ಕಾಯುತ್ತಿದ್ದಾಳೆ. ನಮ್ಮ ಗ್ಯಾಸಿನ ಉರಿಯಲ್ಲಿ ಚೈನೀಸ್ ಆಗುವುದೇ ಇಲ್ಲ, ಬೆಂಕಿ ಬಾಣಲೆಯೊಳಗೆ ಹತ್ತಬೇಕು ಅಂತ ವಿಡಿಯೋದಲ್ಲಿ ಹೇಳುತ್ತಾರಂತೆ.

ಹಡಗಿನ_ಕುಕ್

ಪಾಮೇಸ್ ಅಂದರೆ ಆಲಿವ್ ಹಿಂಡಿ ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯಿಂದ ರಾಸಾಯನಿಕ ಹಾಕಿ ತೆಗೆದು, ಶುದ್ಧ ಮಾಡಿದ ಎಣ್ಣೆ. ಕರಿಯಲು ತೊಂದರೆ ಇಲ್ಲ. ಆದರೆ ಬಾಮಿಯೆಸ್‌ಗೆ ಬೇಕಾದ ಹಸಿರು ವಾಸನೆ ಅದರಲ್ಲಿ ಇರುವುದಿಲ್ಲ. ಅದಕ್ಕೆ ದುಡ್ಡು ಕೊಡುವುದಕ್ಕಿಂತ ನಿಮ್ಮ ಗಾಣದ ಶೇಂಗಾ ಎಣ್ಣೆ ಮೇಲು. ಎಕ್ಸ್‌ಟ್ರಾ ವರ್ಜಿನ್ ಅಂತ ಬರೆದ ಚಿಕ್ಕ ಬಾಟಲಿ ತನ್ನಿ. ಬೇಯಿಸಲು ಶೇಂಗಾ ಎಣ್ಣೆ, ಇಳಿಸುವಾಗ ಮೇಲಿಂದ ಎರಡು ಚಮಚ ಆಲಿವ್. ಸೊಪ್ಪಿಗೆ ಮಾತ್ರ ಪೂರ್ತಿ ಆಲಿವ್ ಎಣ್ಣೆಯೇ ಬೇಕು, ಅದರಲ್ಲಿ ಬೇರೆ ರುಚಿಯೇ ಇಲ್ಲವಲ್ಲ. ಗ್ರೀಕ್ ಕಡೆಗೆ ನೀವು ದುಡ್ಡು ಹಾಕಬೇಕಾದದ್ದು ಇದೊಂದಕ್ಕೇ.

ಚೈನೀಸ್ ವಿಷಯ ತಡ ಮಾಡಿದ್ದು ಬೇಕಂತಲೇ. ಅದಕ್ಕೆ ಸ್ವಲ್ಪ ಕೋಪವೂ ಇದೆ. ಗೋಬಿ ಮಂಚೂರಿಯನ್ನು ಚೀನಾದಲ್ಲಿ ಕೇಳಿದರೆ ಯಾರಿಗೂ ಗೊತ್ತಿಲ್ಲ. ಮಂಚೂರಿಯನ್ ಹುಟ್ಟಿದ್ದು ಮುಂಬೈಯಲ್ಲಿ. 1975ರಲ್ಲಿ ನೆಲ್ಸನ್ ವಾಂಗ್ ಅನ್ನುವ, ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ಅಡುಗೆಯವರು ಕೋಳಿಯಲ್ಲಿ ಮಾಡಿದ್ದು ಅಂತ ಹೇಳುತ್ತಾರೆ. ನಾವು ಕೋಳಿ ತೆಗೆದು ಹೂಕೋಸು ಹಾಕಿದೆವು, ಆಮೇಲೆ ಬಣ್ಣ ಸುರಿದೆವು. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರವೇ ಅದಕ್ಕೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ತರಬೇಕಾಯಿತು. ಬ್ಯಾಡಗಿ ಮೆಣಸಿನಕಾಯಿ ನಿಮ್ಮ ಮಗ್ಗುಲಲ್ಲೇ ಇರುವಾಗ ಬಣ್ಣಕ್ಕೆ ಪುಡಿ ಯಾಕೆ ಬೇಕಿತ್ತೋ.

ಬೆಂಕಿಯ ಮಾತು: ಹಡಗಿನ ಗ್ಯಾಲಿಯಲ್ಲಿ ಗ್ಯಾಸ್ ಉರಿಯೇ ಇಲ್ಲ. ಕರೆಂಟಿನ ಕಬ್ಬಿಣದ ಹಲಗೆ. ಅದರ ಮೇಲೇ ಎಲ್ಲ ಹುರಿಯುತ್ತಿದ್ದೆ. ಹೋಟೆಲಿನ ಆ ಹೊಗೆ ವಾಸನೆ ಮನೆಯಲ್ಲಿ ಬರುವುದಿಲ್ಲ, ನಿಜ. ಆದರೆ ಚೀನಾದ ಮನೆಗಳಲ್ಲೂ ಹೋಟೆಲ್ ಒಲೆ ಇಲ್ಲ. ನಿಮ್ಮ ಕಬ್ಬಿಣದ ಬಾಣಲೆ ಒಣಗಿರಲಿ, ಎಣ್ಣೆ ಹಾಕುವ ಮುಂಚೆ ಚೆನ್ನಾಗಿ ಕಾಯಲಿ, ತರಕಾರಿಯಲ್ಲಿ ನೀರು ಇರದಿರಲಿ, ಒಂದು ಸಲಕ್ಕೆ ಎರಡು ಮುಷ್ಟಿಗಿಂತ ಜಾಸ್ತಿ ಹಾಕಬೇಡಿ. ಜಾಸ್ತಿ ಹಾಕಿದರೆ ಹುರಿಯುವ ಬದಲು ಬೇಯುತ್ತದೆ.

ನಮ್ಮ ಹಡಗು ರಿಪೇರಿಗೆ ಚೀನಾದ ಝೌಷಾನ್‌ನಲ್ಲಿ ಡ್ರೈ ಡಾಕ್ ಹತ್ತುತ್ತಿತ್ತು. ಸಂಜೆ ಯಾರ್ಡಿನ ಹೊರಗೆ ಕೆಲಸಗಾರರು ಕೂತು ಉಣ್ಣುವ ಚಿಕ್ಕ ಅಂಗಡಿಗಳು. ಝೌಷಾನ್ ಮೀನಿಗೆ ಹೆಸರಾದ ಜಾಗ. ಆದರೂ ನನಗೆ ಅಲ್ಲಿ ಹಿಡಿಸಿದ್ದು ಆಲೂಗಡ್ಡೆ. ಹುಳಿ ಖಾರದ ಆಲೂಗಡ್ಡೆ ಎಳೆ.

ಎರಡು ದೊಡ್ಡ ಆಲೂಗಡ್ಡೆ ಸಿಪ್ಪೆ ತೆಗೆದು ತೆಳ್ಳಗೆ ಬಿಲ್ಲೆ ಮಾಡಿ, ಬಿಲ್ಲೆಗಳನ್ನು ಒಂದರ ಮೇಲೊಂದು ಓರೆಯಾಗಿ ಪೇರಿಸಿ ಬೆಂಕಿಕಡ್ಡಿಗಿಂತ ಸಣ್ಣಗೆ ಕತ್ತರಿಸಿ. ತುರಿಯಬೇಡಿ, ಮುದ್ದೆಯಾಗುತ್ತದೆ. ನೀರಿಗೆ ಹಾಕಿ ಕೈಯಾಡಿಸಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಚೆಲ್ಲಿ ಮತ್ತೆ ತೊಳೆಯಿರಿ. ನೀರು ತಿಳಿಯಾಗಿ ಉಳಿಯುವವರೆಗೆ ತೊಳೆಯಬೇಕು. ಆ ಪಿಷ್ಟ ಹೋಗದಿದ್ದರೆ ಬಾಣಲೆಗೆ ಅಂಟಿಕೊಳ್ಳುತ್ತದೆ. ನೀರು ಪೂರ್ತಿ ಬಸಿಯಿರಿ. ಎಣ್ಣೆ ಕಾದಾಗ ನಾಲ್ಕು ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕಿ, ಖಾರ ಬೇಕಾದರೆ ಒಂದು ಗುಂಟೂರು. ಕಪ್ಪಾಗುವ ಮುಂಚೆ ಆಲೂಗಡ್ಡೆ ಸುರಿದು ಜೋರು ಉರಿಯಲ್ಲಿ ಬಿಡದೆ ಕೈಯಾಡಿಸಿ. ಕೂಡಲೇ ಒಂದು ಚಮಚ ವಿನೆಗರ್. ಹುಳಿ ಬಿದ್ದರೆ ಆಲೂಗಡ್ಡೆ ಬೇಗ ಮೆತ್ತಗಾಗುವುದಿಲ್ಲ, ಅದಕ್ಕೇ ಮೊದಲೇ ಹಾಕುವುದು. ಉಪ್ಪು, ಚಿಟಿಕೆ ಸಕ್ಕರೆ. ಎರಡು ಮೂರು ನಿಮಿಷಕ್ಕೆ ಇಳಿಸಿ, ಇನ್ನರ್ಧ ಚಮಚ ವಿನೆಗರ್. ಕಚ್ಚಿದರೆ ಕರುಮ್ ಅನ್ನಬೇಕು. ಹಸಿ ಇದೆಯಲ್ಲ ಅಂತ ಮನೆಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಹೇಳಲಿ ಬಿಡಿ.

ಇದಕ್ಕೆ ಈರುಳ್ಳಿ ಬೇಡ, ಬೆಳ್ಳುಳ್ಳಿಯೂ ಬೇಕೇ ಬೇಕು ಅಂತಿಲ್ಲ. ಅತ್ತೆಯವರಿಗೆ ಇನ್ನೊಂದು ಸುದ್ದಿ ಹೇಳಿ. ಚೀನಾದ ಬೌದ್ಧ ಮಠಗಳ ಅಡುಗೆಯಲ್ಲಿ ಮಾಂಸದ ಜೊತೆ ಈರುಳ್ಳಿ, ಬೆಳ್ಳುಳ್ಳಿಯ ಜಾತಿಯ ಎಲ್ಲವೂ ನಿಷಿದ್ಧ. ಇಂಗು ಕೂಡ ಆ ಪಟ್ಟಿಯಲ್ಲಿದೆ! ನಮ್ಮ ಮಡಿ ಅಡುಗೆಯಲ್ಲಿ ಈರುಳ್ಳಿ ಬಿಟ್ಟ ಕೊರತೆಯನ್ನು ಇಂಗು ತುಂಬುತ್ತದೆ, ಅಲ್ಲಿ ಶುಂಠಿ, ಅಣಬೆ ತುಂಬುತ್ತವೆ.

ಸಿಚುವಾನ್ ಮೆಣಸು ತರಿಸಬೇಡಿ. ಅದರ ಅಣ್ಣತಮ್ಮಂದಿರಲ್ಲೊಂದು ನಮ್ಮ ಘಟ್ಟದಲ್ಲೇ ಬೆಳೆಯುತ್ತದೆ. ನಾವು ಬಂಗಡೆ ಸಾರಿಗೆ ಹಾಕುವ ತಿರ್ಫಲ. ಮಲೆನಾಡಿನಲ್ಲಿ ಜುಮ್ಮನಕಾಯಿ ಅಂತಾರೆ. ಎರಡೂ ಒಂದೇ ಕುಲದ ಮುಳ್ಳುಮರಗಳು. ಒಣಗಿದ ಕಾಯಿ ಬಾಯಿ ಬಿಟ್ಟಿರುತ್ತದೆ, ಒಳಗೆ ಕರಿ ಬೀಜ. ಬೀಜ ಕಲ್ಲಿನ ಹಾಗೆ, ಎಸೆಯಬೇಕು. ಸಿಪ್ಪೆಯೇ ಮಸಾಲೆ. ಒಣ ಬಾಣಲೆಯಲ್ಲಿ ಘಮ್ ಅನ್ನುವವರೆಗೆ ಬಿಸಿ ಮಾಡಿ ಕುಟ್ಟಿಡಿ. ನಾಲಗೆ ಜುಮ್ಮೆನ್ನುವುದು ಸಿಚುವಾನಿನದ್ದಕ್ಕಿಂತ ಕಡಿಮೆ, ನಿಂಬೆ ಸಿಪ್ಪೆಯ ಘಾಟು ಇದ್ದೇ ಇದೆ. ಆ ಆಲೂಗಡ್ಡೆಗೆ ಕಾಲು ಚಮಚ ಉದುರಿಸಿ.

ಕೊಳ್ಳಬೇಕಾದದ್ದು ಲೈಟ್ ಸೋಯಾ ಸಾಸ್ ಒಂದು ಬಾಟಲಿ. ನಮ್ಮ ಅಂಗಡಿಗಳಲ್ಲಿ ಇಡುವುದು ಹೆಚ್ಚಾಗಿ ಡಾರ್ಕ್. ಅದು ಬಣ್ಣಕ್ಕೆ, ರುಚಿಗೆ ಲೈಟ್. ವಿನೆಗರ್ ಬಾಟಲಿಯಲ್ಲಿ ‘ಸಿಂಥೆಟಿಕ್’ ಅಂತ ಇದೆಯಾ ನೋಡಿ, ಇದ್ದರೆ ಬಿಟ್ಟು ಹುಳಿ ಬರಿಸಿ ಮಾಡಿದ್ದನ್ನು ತನ್ನಿ. ಎಳ್ಳೆಣ್ಣೆ ಅಂತ ಅವರು ಹಾಕುವುದು ಹುರಿದ ಎಳ್ಳಿನದು, ನಮ್ಮ ಗಾಣದ್ದಲ್ಲ. ಎಳ್ಳು ಹುರಿದು ಒರಟಾಗಿ ಕುಟ್ಟಿ ಉದುರಿಸಿದರೆ ಮನೆಮಟ್ಟಿಗೆ ಸಾಕು. ಶಿಟಾಕೆ ಶೋಕಿ ಅಲ್ಲ, ಒಳ್ಳೆಯ ಸಾಮಾನು. ಆದರೆ ಮೊದಲ ತಿಂಗಳು ಬೇಡ.

ಸಾಗರದ_ಸೊಸೆ

ನಡುವೆ ಬಾಯಿ ಹಾಕುತ್ತಿದ್ದೇನೆ. ಯಜಮಾನರ ಕೆಲಸದ ಮೇಲೆ ನಾವು ಗುವಾಂಗ್‌ಝೌನಲ್ಲಿ ಇದ್ದೆವು. ಅಕ್ಕಾ, ನಿಮ್ಮ ಮನೆಯಲ್ಲಿ ಇಡ್ಲಿ ಪಾತ್ರೆ ಇದೆ ಅಂದಿರಲ್ಲ, ಅದರಲ್ಲಿ ಆಗುವ ಒಂದು ತಿಂಡಿ ಹೇಳುತ್ತೇನೆ. ಅಲ್ಲಿ ಬೆಳಗ್ಗೆ ಎಲ್ಲ ಗಲ್ಲಿಯಲ್ಲೂ ಚಾಂಗ್‌ಫನ್ ಅಂತ ಮಾರುತ್ತಾರೆ. ಅಕ್ಕಿ ಹಿಟ್ಟನ್ನು ನೀರಾಗಿ ಕದಡಿ, ಅಗಲ ತಟ್ಟೆಯಲ್ಲಿ ತೆಳ್ಳಗೆ ಹೊಯ್ದು, ಹಬೆಗೆ ಇಟ್ಟು, ಕೆರೆದು ಸುತ್ತಿ ಕೊಡುವುದು. ನಮ್ಮ ಕಡೆ ಬೇಸಿಗೆಯಲ್ಲಿ ತಟ್ಟೆ ಹಪ್ಪಳಕ್ಕೆ ಮಾಡುವ ಕೆಲಸವೇ, ಒಣಗಿಸುವುದೊಂದು ಇಲ್ಲ.

ಒಂದು ಕಪ್ ನುಣ್ಣನೆ ಅಕ್ಕಿ ಹಿಟ್ಟು, ಎರಡು ಚಮಚ ಕಾರ್ನ್‌ಫ್ಲೋರ್, ಎರಡು ಕಪ್ ನೀರು, ಉಪ್ಪು, ಒಂದು ಚಮಚ ಎಣ್ಣೆ. ಅರ್ಧ ಗಂಟೆ ಬಿಡಿ. ಹಿಟ್ಟು ತಳಕ್ಕೆ ಕೂರುತ್ತದೆ, ಪ್ರತಿ ಸಲ ಹೊಯ್ಯುವಾಗಲೂ ಕಲಕಬೇಕು. ಎಣ್ಣೆ ಸವರಿದ ಸ್ಟೀಲ್ ತಟ್ಟೆಗೆ ತಳ ಮುಚ್ಚುವಷ್ಟೇ ಹೊಯ್ದು ಕೊತ್ತಂಬರಿ ಉದುರಿಸಿ, ಕುದಿಯುವ ಹಬೆಯಲ್ಲಿ ಎರಡು ಮೂರು ನಿಮಿಷ. ಹಾಳೆ ಅಲ್ಲಲ್ಲಿ ಉಬ್ಬಿ ಗುಳ್ಳೆ ಎದ್ದರೆ ಬೆಂದಿದೆ. ಎಣ್ಣೆ ಸವರಿದ ಮಗುಚುವ ಕೈಯಿಂದ ಒಂದು ಕಡೆಯಿಂದ ಕೆರೆದುಕೊಂಡು ಬನ್ನಿ, ತಾನೇ ಸುರುಳಿಯಾಗುತ್ತದೆ. ಮೇಲೆ ಲೈಟ್ ಸೋಯಾಕ್ಕೆ ಸ್ವಲ್ಪ ನೀರು, ಸಕ್ಕರೆ ಹಾಕಿ ಬಿಸಿ ಮಾಡಿದ್ದು, ಹುರಿದ ಎಳ್ಳು. ಎರಡು ತಟ್ಟೆ ಇಟ್ಟುಕೊಂಡರೆ ಕೆಲಸ ಸಾಗುತ್ತದೆ, ಒಂದೇ ತಟ್ಟೆಯಲ್ಲಾದರೆ ಮಕ್ಕಳು ಕಾದು ಕಾದು ಜಗಳ ತೆಗೆಯುತ್ತಾರೆ.

ಮೇಷ್ಟ್ರ_ಮಗ

ಉಪವಾಸದ ಅಡುಗೆ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ತಂದೆ ಇಥಿಯೋಪಿಯಾದಲ್ಲಿ ಮೇಷ್ಟ್ರಾಗಿದ್ದರು. ಆ ಕಾಲಕ್ಕೆ ಇಲ್ಲಿಂದ ತುಂಬಾ ಜನ ಮೇಷ್ಟ್ರುಗಳು ಅಲ್ಲಿಗೆ ಹೋಗಿದ್ದರು. ಅಲ್ಲೂ ಆರ್ಥಡಾಕ್ಸ್ ಕ್ರೈಸ್ತರೇ, ಅಲ್ಲೂ ಬುಧವಾರ, ಶುಕ್ರವಾರ ಉಪವಾಸ. ಆ ದಿನಗಳ ಅಡುಗೆ ಶಿರೋ: ಹುರಿದ ಕಡಲೆಯ ಮಸಾಲೆ ಹಿಟ್ಟನ್ನು ಈರುಳ್ಳಿ ಒಗ್ಗರಣೆಯ ನೀರಿಗೆ ಹಾಕಿ ಕುದಿಸುವುದು. ನಿಮ್ಮ ಜುಣಕಕ್ಕೆ ಹತ್ತಿರ, ಸ್ವಲ್ಪ ತೆಳು. ಟೆಫ್ ಅನ್ನುವ ಸಣ್ಣ ಧಾನ್ಯ ಹುಳಿ ಬರಿಸಿ ಮಾಡಿದ ಅಗಲವಾದ ಇಂಜೆರಾ ಮೇಲೆ ಸುರಿದು, ಎಲ್ಲರೂ ಒಂದೇ ತಟ್ಟೆಯಿಂದ ಮುರಿದು ತಿನ್ನುತ್ತಾರೆ. ಟೆಫ್ ಇಲ್ಲಿ ಹುಡುಕುವುದು ಬೇಡ, ಅಮ್ಮ ರಾಗಿ ದೋಸೆಯನ್ನು ಚೆನ್ನಾಗಿ ಹುಳಿ ಬರಿಸಿ ಒಂದೇ ಮಗ್ಗುಲು ಬೇಯಿಸುತ್ತಿದ್ದರು. ಅಪ್ಪನಿಗೆ ಅಷ್ಟರಲ್ಲೇ ಸಮಾಧಾನ ಆಗುತ್ತಿತ್ತು.

ಕೇಶ್ವಾಪುರ_ಅಡುಗೆಮನೆ

ಅಣ್ಣಾರೇ, ಬಾಮಿಯೆಸ್ ಆಯಿತು, ಆಲೂಗಡ್ಡೆಯೂ ಆಯಿತು. ಬೆಂಡೆಕಾಯಿ ಕೆತ್ತುವ ಕೆಲಸ ಮಗಳಿಗೇ ಹಚ್ಚಿದೆ, ಚೀಟಿ ಬರೆದವಳು ಅವಳೇ ತಾನೇ. ರೊಟ್ಟಿ ಜೊತೆ ಖಾಲಿಯಾಯಿತು. ಪಾತ್ರೆಯ ತಳದ ಕೆಂಪೆಣ್ಣೆಗೆ ಶೇಂಗಾ ಚಟ್ನಿ ಪುಡಿ ಕಲಸಿ ನಮ್ಮ ಯಜಮಾನರು ತಿಂದರು. ಗ್ರೀಕರು ಕ್ಷಮಿಸಲಿ. ಆಲೂಗಡ್ಡೆಗೆ ನೀವು ಹೇಳಿದ ಹಾಗೇ "ಇದು ಬೆಂದೇ ಇಲ್ಲ" ಅಂತ ಬೈಗುಳ ಬಂತು. ಮಗಳು ಮಾತ್ರ ಬಾಣಲೆ ಹತ್ತಿರವೇ ನಿಂತು ಅರ್ಧ ಮುಗಿಸಿದಳು. ಸ್ಫಾಕಿಯಾದ ಪೀತಾ ಅತ್ತೆಯವರಿಗೆ ಬಹಳ ಸೇರಿತು. ಹೂರಣದಲ್ಲಿ ಬೆಲ್ಲ ಇಲ್ಲ ಅಂತ ಮೊದಲು ಮುಖ ಸಣ್ಣ ಮಾಡಿದ್ದರು, ಜೇನು ಬಿದ್ದ ಮೇಲೆ ಸರಿಹೋಯಿತು. ನನ್ನದು ಮಾತ್ರ ಲಟ್ಟಿಸುವಾಗ ಅಂಚಿನಲ್ಲಿ ಪನೀರು ಹೊರಗೆ ಬರುತ್ತಿತ್ತು. ಏನು ಮಾಡಬೇಕು? ಮತ್ತೆ ತಿರ್ಫಲ ಹುಬ್ಬಳ್ಳಿಯಲ್ಲಿ ಯಾರೂ ಕೇಳಿದವರೇ ಇಲ್ಲ.

ಹಡಗಿನ_ಕುಕ್

ಪನೀರಿನಲ್ಲಿ ನೀರು ಉಳಿದಿದೆ, ಅಥವಾ ಕಣಕ ಗಟ್ಟಿಯಾಗಿದೆ. ಒಡೆಸಿದ ಮೇಲೆ ಬಟ್ಟೆಯಲ್ಲಿ ಕಟ್ಟಿ ಭಾರ ಇಟ್ಟು ಅರ್ಧ ಗಂಟೆ ಬಿಡಿ, ಆಮೇಲೆ ತಿಕ್ಕಿ. ಕಣಕವೂ ಪನೀರಿನಷ್ಟೇ ಮೆತ್ತಗಿರಬೇಕು. ಎರಡರಲ್ಲಿ ಒಂದು ಗಟ್ಟಿಯಾದರೂ ಇನ್ನೊಂದು ಹೊರಗೆ ಬರುತ್ತದೆ. ಲಟ್ಟಣಿಗೆ ಬದಲು ಎಣ್ಣೆ ಕೈಯಲ್ಲಿ ತಟ್ಟಿದರೂ ನಡೆಯುತ್ತದೆ.

ತಿರ್ಫಲ ಕಿರಾಣಿ ಅಂಗಡಿಯಲ್ಲಿ ಕೇಳಬೇಡಿ. ನಿಮ್ಮ ಓಣಿಯಲ್ಲಿ ಕೊಂಕಣಿ ಮಾತಾಡುವ ಮನೆ ಯಾವುದಾದರೂ ಇದ್ದೇ ಇರುತ್ತದೆ, ಅವರ ಡಬ್ಬಿಯಲ್ಲಿ ಇರುತ್ತದೆ. ಇಲ್ಲದಿದ್ದರೆ ಕುಮಟಾ, ಕಾರವಾರದ ಸಂತೆಗೆ ಬರುವವರ ಕೈಲಿ ತರಿಸಿ. ಮಳೆಗಾಲ ಮುಗಿದ ಮೇಲೆ ಬರುವ ಹೊಸ ಒಣಕಾಯಿ ತಗೊಳ್ಳಿ. ಮೂಸಿದರೆ ಮೂಗಿಗೆ ಹೊಡೆಯಬೇಕು, ಇಲ್ಲದಿದ್ದರೆ ಹಳೇ ಮಾಲು. ಗಾಜಿನ ಶೀಶೆಯಲ್ಲಿ ಬಿಗಿಯಾಗಿ ಮುಚ್ಚಿಡಿ, ಚಹಾ ಪುಡಿ ಹತ್ತಿರ ಮಾತ್ರ ಇಡಬೇಡಿ.